ಹೊಳೆಯ ಲೆಕ್ಕ, ತೆಪ್ಪದ ಅಳತೆ

ಒಂದೇ ಹೊಳೆ. ಮೇಲೆ ರಾಮನಾಥಪುರದಲ್ಲಿ ಮೀನಿಗೆ ಪುರಿ ಎರಚಿ ಕೈಮುಗಿಯುತ್ತಾರೆ. ಕೆಳಗೆ ರುದ್ರಪಟ್ಟಣದ ಕಡೆ ಅದೇ ನೀರಿಗೆ ಬಲೆ ಬಿಟ್ಟು ಹೊಟ್ಟೆ ಹೊರೆಯುತ್ತಾರೆ. ಎರಡನ್ನೂ ಒಟ್ಟಿಗೆ ಉಳಿಸಿಕೊಂಡು ಬಂದವನು ತೆಪ್ಪದ ಮೀನುಗಾರ. ಅವನ ಜೊತೆ ಕಳೆದ ಒಂದು ದಿನದ ಕಥೆ ಇದು.

ಬೆಳಗಿನ ಐದೂವರೆ. ಜನವರಿಯ ಚಳಿ. ಕಾವೇರಿಯ ದಂಡೆಯಲ್ಲಿ ನಿಂತರೆ ಹೊಳೆ ಕಾಣಿಸುವುದಿಲ್ಲ, ಕೇಳಿಸುತ್ತದೆ. ಆಚೆ ದಡದ ಮರಗಳೂ ಇಲ್ಲ, ನಡುವಿನ ಬಂಡೆಗಳೂ ಇಲ್ಲ. ಎಲ್ಲವನ್ನೂ ಮಂಜು ನುಂಗಿದೆ. ಆ ಮಂಜಿನೊಳಗಿಂದ ದೊಡ್ಡದೊಂದು ಆಮೆ ಎರಡು ಕಾಲಿನ ಮೇಲೆ ನಡೆದು ಬಂದಂತೆ ಕಂಡಿತು. ಹತ್ತಿರ ಬಂದಾಗ ಗೊತ್ತಾಯಿತು, ಅದು ತೆಪ್ಪವನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ತರುತ್ತಿರುವ ಮನುಷ್ಯ.

ವಯಸ್ಸು ಅರವತ್ತರ ಮೇಲೆ. ಬೆಸ್ತರ ಮನೆತನ. ಹೆಸರು ಬರೆಯುವುದು ಬೇಡ ಎಂದರು. ‘ಹೊಳೇಲಿ ನಾನೊಬ್ನೇ ಇಲ್ಲ ಸಾರ್, ಒಬ್ಬನ ಹೆಸರು ಯಾಕೆ?’ ಎಂಬುದು ಅವರು ಕೊಟ್ಟ ಕಾರಣ. ಊರಿನವರು ಕರೆಯುವಂತೆ ನಾವೂ ‘ಯಜಮಾನರು’ ಎಂದೇ ಕರೆಯೋಣ.

ತೆಪ್ಪ ಇಳಿಸಿ, ನೀರಿಗೆ ಕೈ ಅದ್ದಿ ಕಣ್ಣಿಗೆ ಒತ್ತಿಕೊಂಡರು. ಗಂಗಮ್ಮನಿಗೆ ನಮಸ್ಕಾರ. ಆಮೇಲೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ:

‘ಈಜು ಬತ್ತದಾ?’

‘ಬರುತ್ತೆ ಯಜಮಾನ್ರೆ.’

‘ಬಂದ್ರೂ ಈಜೋ ಕೆಲಸ ಬರಬಾರದು. ನಡೂಕೆ ಕುಂತ್ಕಳಿ. ನಾನು ಹೇಳೋಗಂಟ ಏಳ್ಬ್ಯಾಡಿ.’

ತಿರುಗುವ ದೋಣಿ

ತೆಪ್ಪದಲ್ಲಿ ಮೊದಲ ಬಾರಿಗೆ ಕುಳಿತವನಿಗೆ ಆಗುವ ಅನುಭವ ವಿಚಿತ್ರ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಮೊರವನ್ನು ನೀರಿನ ಮೇಲೆ ಬಿಟ್ಟ ಹಾಗೆ. ನಾವು ಅತ್ತ ವಾಲಿದರೆ ಅದೂ ಅತ್ತ ವಾಲುತ್ತದೆ. ಹುಟ್ಟು ಹಾಕಲು ಬಾರದವನ ಕೈಗೆ ಕೊಟ್ಟರೆ ಇದ್ದಲ್ಲೇ ಗಿರ್ರನೆ ಸುತ್ತುತ್ತದೆಯೇ ಹೊರತು ಒಂದು ಗಜ ಮುಂದೆ ಹೋಗುವುದಿಲ್ಲ. ಯಜಮಾನರು ಅಂಚಿನ ಬಳಿ ಕುಕ್ಕುರುಗಾಲಿನಲ್ಲಿ ಕುಳಿತು, ಹುಟ್ಟನ್ನು ಎದುರಿಗೆ ನೀರಿನಲ್ಲಿ ಅದ್ದಿ, ಎಂಟರ ಅಂಕಿ ಬರೆದ ಹಾಗೆ ಅತ್ತಿಂದಿತ್ತ ಆಡಿಸುತ್ತ ತಮ್ಮ ಕಡೆಗೆ ಎಳೆದುಕೊಂಡರು. ತೆಪ್ಪ ಸದ್ದಿಲ್ಲದೆ ಪ್ರವಾಹಕ್ಕೆ ಅಡ್ಡವಾಗಿ ಸಾಗಿತು. ನೀರು ಕಡಿಮೆ ಇದ್ದ ಕಡೆ ಹುಟ್ಟನ್ನು ಒಳಗಿಟ್ಟು ಬಿದಿರು ಗಳದಿಂದ ನೆಲಕ್ಕೊತ್ತಿ ತಳ್ಳಿದರು.

ಪುಸ್ತಕದಲ್ಲಿ ಇದಕ್ಕೆ ಹರಿಗೋಲು ಎಂದು ಹೆಸರು. ನಮ್ಮ ಹಾಸನ, ಮೈಸೂರು ಸೀಮೆಯ ಹೊಳೆದಂಡೆಯಲ್ಲಿ ಮಾತ್ರ ತೆಪ್ಪ. ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗುಂದಿಯ ಬಳಿ ಜನ ಹೊಳೆ ದಾಟುತ್ತಿದ್ದ ದುಂಡನೆಯ ದೋಣಿಗಳನ್ನು ನೋಡಿ ಬರೆದಿಟ್ಟಿದ್ದಾನೆ. ಒಳಗೆ ಬುಟ್ಟಿಯ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಕೂರಬಹುದು, ಆದರೆ ಯಾವಾಗಲೂ ತಿರುಗುತ್ತಲೇ ಇರುತ್ತವೆ ಎಂಬುದು ಅವನ ವರದಿ. ಐನೂರು ವರ್ಷ ಕಳೆದರೂ ತಿರುಗುವ ಗುಣ ಬಿಟ್ಟಿಲ್ಲ! ಮದರಾಸು ಸರ್ಕಾರದ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ಹಾರ್ನೆಲ್ 1933ರಲ್ಲಿ ದಕ್ಷಿಣ ಭಾರತದ ಹರಿಗೋಲುಗಳ ಮೇಲೆಯೇ ಒಂದು ಲೇಖನ ಬರೆದರು.

ಒಬ್ಬನೇ ಹೊತ್ತು, ಒಬ್ಬನೇ ನಡೆಸಿ, ಒಬ್ಬನೇ ಮೀನು ಹಿಡಿಯಬಹುದಾದ ಇಂಥ ದೋಣಿಗಳು ಲೋಕದ ಬೇರೆ ಕಡೆಯೂ ಇವೆ. ಉತ್ತರಧ್ರುವದ ಸಮೀಪದ ಇನ್ಯುಯಿಟ್ ಜನ ಕಟ್ಟಿಗೆ, ಎಲುಬುಗಳ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಮಾಡಿದ ‘ಕಯಾಕ್’ ಇವುಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿ. ಈಗ ಅದು ಪ್ಲಾಸ್ಟಿಕ್ಕಿನಲ್ಲಿ ಅಚ್ಚಾಗಿ ವಿಹಾರದ ದೋಣಿಯಾಗಿದೆ. ವಿದೇಶಗಳಲ್ಲಿ ಅದರಲ್ಲಿ ಕುಳಿತು ಸಮುದ್ರದ ಅಂಚಿನಲ್ಲಿ ಗಾಳ ಹಾಕುವುದು ದೊಡ್ಡ ಹವ್ಯಾಸ. ನಮ್ಮಲ್ಲೂ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಸೀತಾನದಿಯ ಹಿನ್ನೀರಿಗೆ ಕಯಾಕ್ ಬಂದಿದೆ. ವಿಯೆಟ್ನಾಂ ಕರಾವಳಿಯಲ್ಲಿ ಬಿದಿರು ಬುಟ್ಟಿಯಂಥ ದುಂಡು ದೋಣಿಯಲ್ಲೇ ಬೆಸ್ತರು ಉಪ್ಪುನೀರಿಗೆ ಇಳಿಯುತ್ತಾರೆ. ವೇಲ್ಸ್ ದೇಶದ ಟೈವಿ ನದಿಯಲ್ಲಿ ಎರಡು ಸಣ್ಣ ತೆಪ್ಪಗಳು ನಡುವೆ ಒಂದು ಬಲೆ ಹಿಡಿದು ಜೊತೆಯಾಗಿ ತೇಲುತ್ತ ಸಾಲ್ಮನ್ ಮೀನು ಹಿಡಿಯುವ ಪದ್ಧತಿ ಹಳೆಯ ಕಾಲದಿಂದ ಬಂದದ್ದು.

ಕಯಾಕ್ ಮತ್ತು ತೆಪ್ಪ ಒಂದು ಲೆಕ್ಕಕ್ಕೆ ದಾಯಾದಿಗಳು. ಎರಡೂ ಚೌಕಟ್ಟಿಗೆ ಚರ್ಮ ಹೊದಿಸಿದ ದೋಣಿಗಳಾಗಿಯೇ ಹುಟ್ಟಿದವು. ಅಲೆ ಸೀಳಿ ಹೋಗಬೇಕಾದ ಕಡೆ ಅದು ಉದ್ದವಾಯಿತು. ಬಂಡೆಗಳ ಸಂದಿಯಲ್ಲಿ ನುಸುಳಿ, ಸುಳಿ ಸಿಕ್ಕರೆ ಅದರ ಜೊತೆ ತಿರುಗಿ ಬದುಕಬೇಕಾದ ಕಡೆ ಇದು ದುಂಡಗಾಯಿತು.

ಯಜಮಾನರ ಅಪ್ಪನ ಕಾಲದಲ್ಲಿ ತಳಕ್ಕೆ ಚರ್ಮ ಇತ್ತಂತೆ. ಬಿಸಿಲಿಗೆ ಒಣಗಿಸಬೇಕು, ಎಣ್ಣೆ ಹಚ್ಚಬೇಕು, ನಾಯಿ ಕಚ್ಚದ ಹಾಗೆ ಕಾಯಬೇಕು. ಈಗಿನ ತೆಪ್ಪಕ್ಕೆ ಬಿದಿರು ದಬ್ಬೆಯ ಹೆಣಿಗೆಯೇ ಉಳಿದಿದೆ, ಚರ್ಮದ ಜಾಗಕ್ಕೆ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆ, ಮೇಲೆ ಟಾರು. ಅಗಲ ಸುಮಾರು ಆರು ಅಡಿ. ಮೀನುಗಾರಿಕೆ ಇಲಾಖೆ ಒಳನಾಡು ಮೀನುಗಾರರಿಗೆ ಫೈಬರ್ ತೆಪ್ಪ ಹಂಚುವುದೂ ಉಂಟು. ‘ಅದು ಬಾಳಿಕೆ ಬತ್ತದೆ. ಆದ್ರೆ ಬಂಡೆಗೆ ತಗುಲಿ ಒಡದ್ರೆ ನಮ್ಮ ಕೈಲಿ ರಿಪೇರಿ ಆಗಲ್ಲ. ಇದಾದ್ರೆ ಒಂದ್ ಚೂರು ಟಾರು ಕಾಯಿಸಿದ್ರೆ ಆಯ್ತು’ ಎಂದರು.

ಬಲೆ ಎತ್ತುವ ಹೊತ್ತು

ಹಿಂದಿನ ದಿನ ಸಂಜೆಯೇ ಬಲೆ ಇಳಿಬಿಟ್ಟಿದ್ದರು. ಮೇಲಂಚಿಗೆ ಬೆಂಡು, ಕೆಳಗಂಚಿಗೆ ಸೀಸದ ಗುಂಡು. ಬಲೆ ನೀರಿನೊಳಗೆ ಪರದೆಯಂತೆ ನಿಲ್ಲುತ್ತದೆ. ರಾತ್ರಿ ಓಡಾಡುವ ಮೀನು ತಲೆ ತೂರಿಸಿ, ಕಿವಿರು ಸಿಕ್ಕಿಕೊಂಡು ನಿಲ್ಲುತ್ತದೆ. ಬೆಳದಿಂಗಳ ರಾತ್ರಿ ಸಿಕ್ಕುವುದು ಕಡಿಮೆ. ನೂಲು ಮೀನಿಗೆ ಕಾಣುತ್ತದೆ. ಅಮಾವಾಸ್ಯೆಯ ಆಸುಪಾಸು ಒಳ್ಳೆಯದು.

ಇಡೀ ಕಸುಬಿನ ನೀತಿ ಇರುವುದು ಬಲೆಯ ಕಣ್ಣಿನಲ್ಲಿ. ಕಣ್ಣು ದೊಡ್ಡದಾದರೆ ಮರಿ ದಾಟಿ ಹೋಗುತ್ತದೆ. ಸಣ್ಣದಾದರೆ ನಾಳೆ ಬೆಳೆಯಬೇಕಾದದ್ದೂ ಇವತ್ತೇ ಬುಟ್ಟಿಗೆ ಬೀಳುತ್ತದೆ. ಯಜಮಾನರು ನಾಲ್ಕು ಬೆರಳು ಜೋಡಿಸಿ ಒಂದು ಕಣ್ಣಿನೊಳಗೆ ತೂರಿಸಿ ತೋರಿಸಿದರು. ‘ಇದಕ್ಕಿಂತ ಸಣ್ಣದು ನಮ್ಮನೇಲಿ ಇಲ್ಲ. ಈಗಿನ ಹುಡುಗ್ರು ಸೊಳ್ಳೆ ಪರದೆ ಹಂಗಿರೋದನ್ನ ತಂದವ್ರೆ. ಅದ್ರಲ್ಲಿ ಹೊಳೇನೇ ಸೋಸಿಬಿಡ್ತಾರೆ.’

ಬಲೆ ಮೇಲೆ ಬರತೊಡಗಿತು. ಒಂದು ಕೈಯಲ್ಲಿ ಹುಟ್ಟು, ಇನ್ನೊಂದು ಕೈಯಲ್ಲಿ ಬಲೆ. ಹತ್ತು ಮಾರು ಬರೀ ಪಾಚಿ, ಎಲೆ. ಆಮೇಲೆ ಬೆಳ್ಳಗೆ ಏನೋ ಹೊರಳಿತು. ಜಿಲೇಬಿ. ಮತ್ತೊಂದು ಜಿಲೇಬಿ. ಎರಡು ಗೆಂಡೆ. ಒಂದು ರೋಹು, ಅಂಗೈ ಉದ್ದದ ಗಿರ್ಲು ನಾಲ್ಕು. ಮೀಸೆಯ ಗಿರ್ಲುವಿನ ಮುಳ್ಳು ಚುಚ್ಚಿದರೆ ಇಡೀ ದಿನ ಉರಿಯುತ್ತದೆ. ಅದನ್ನು ಬಿಡಿಸುವಾಗ ಮಾತ್ರ ಅವರು ಮಾತು ನಿಲ್ಲಿಸಿದರು.

ನಡುವೆ ಒಂದು ಕಡೆ ಬಲೆ ಹರಿದು ಮಗುವಿನ ತಲೆ ಹೋಗುವಷ್ಟು ತೂತಾಗಿತ್ತು. ಪಕ್ಕದಲ್ಲಿ ಅರ್ಧ ತಿಂದ ಗೆಂಡೆ. ‘ನೀರ್‍ನಾಯಿ’ ಎಂದರು. ಸಿಟ್ಟಿರಲಿಲ್ಲ. ಬದಲಿಗೆ ಬೇಸರದ ನಗು. ಕಾವೇರಿಯ ಉದ್ದಕ್ಕೂ ನೀರುನಾಯಿಗಳಿಗೂ ಮೀನುಗಾರರಿಗೂ ಈ ವ್ಯಾಜ್ಯ ನಡೆದೇ ಇದೆ. ಅದಕ್ಕೂ ಮೀನೇ ಅನ್ನ. ‘ಮಧ್ಯಾಹ್ನ ಕುಂತು ಹೊಲಿಯಾದು, ಇನ್ನೇನ್ ಮಾಡಾದು?’

ಬುಟ್ಟಿಗೆ ಬಿದ್ದ ಮೀನುಗಳ ಜಾತಕ ನೋಡಿದರೆ ಆಶ್ಚರ್ಯವಾಗುತ್ತದೆ. ಕಾವೇರಿಯ ಮೀನು ಎಂದು ನಾವು ಕೊಂಡುಕೊಳ್ಳುವ ಕಟ್ಲ, ರೋಹು ಮೂಲತಃ ಗಂಗೆಯ ಕಡೆಯವು. ಸಾಕಣೆಗೆಂದು ತಂದು ಕೆರೆ, ಜಲಾಶಯಗಳಿಗೆ ಬಿಟ್ಟವು. ಜಿಲೇಬಿ ಆಫ್ರಿಕಾದ್ದು, ಭಾರತಕ್ಕೆ ಬಂದದ್ದು 1952ರಲ್ಲಿ. ಸಾಮಾನ್ಯ ಗೆಂಡೆಯೂ ಹೊರಗಿನದೇ. ಆ ಬೆಳಿಗ್ಗೆ ನಮ್ಮ ಬುಟ್ಟಿಯಲ್ಲಿ ಹೊಳೆಯ ಹಳೆಯ ಒಕ್ಕಲು ಎಂದರೆ ಗಿರ್ಲು ಮಾತ್ರ. ‘ಮುಂಚೆ ಬಾಳೆಮೀನು ಬೀಳ್ತಿತ್ತು, ನನ್ನೆತ್ತರ. ಕೊರವ ಬೀಳ್ತಿತ್ತು. ಹಾವುಮೀನು ಬೀಳ್ತಿತ್ತು. ಈಗ ವರ್ಷಕ್ಕೊಂದು ಕಂಡ್ರೆ ಹಬ್ಬ’ ಎಂದರು ಯಜಮಾನರು. ನನ್ನೆತ್ತರ ಎಂಬುದರಲ್ಲಿ ಬೆಸ್ತರ ಸಹಜ ಉತ್ಪ್ರೇಕ್ಷೆ ಸ್ವಲ್ಪ ಇರಬಹುದು. ಆದರೆ ಬಾಳೆಮೀನು ಬಹಳ ದೊಡ್ಡದಾಗಿ ಬೆಳೆಯುವ ಜಾತಿ ಎಂಬುದು ನಿಜ.

ದೇವರ ಮೀನು

ಬಲೆಯ ಕೊನೆ ಇನ್ನೇನು ಬರಬೇಕು, ಆಗ ಅದು ಕಂಡಿತು. ಒಂದು ಗೇಣಿಗಿಂತ ಸ್ವಲ್ಪ ಉದ್ದ. ದೊಡ್ಡ ದೊಡ್ಡ ಹುರುಪೆ, ಹೊಂಬಣ್ಣದ ಮೈ, ತುಟಿಯ ಬಳಿ ಎಳೆಯ ಮೀಸೆ. ಬಿಳಿಮೀನು. ಇಂಗ್ಲಿಷ್ ಪುಸ್ತಕಗಳ ಮಹಶೀರ್.

ಯಜಮಾನರು ಬಲೆಯನ್ನು ನೀರಿನಿಂದ ಪೂರ್ತಿ ಎತ್ತಲಿಲ್ಲ. ನೀರೊಳಗೇ ಕೈ ಇಟ್ಟು ಕಣ್ಣು ಬಿಡಿಸಿದರು. ಎರಡು ಎಳೆ ಬಿಗಿಯಾಗಿ ಸಿಕ್ಕಿತ್ತು. ಸೊಂಟದಿಂದ ಸಣ್ಣ ಚೂರಿ ತೆಗೆದು ಬಲೆಯನ್ನೇ ಕತ್ತರಿಸಿದರು. ಮೀನು ಒಂದು ಗಳಿಗೆ ಅವರ ಅಂಗೈಯಲ್ಲಿ ಪ್ರವಾಹಕ್ಕೆದುರಾಗಿ ನಿಂತಿತು, ಬಾಲ ಆಡಿಸಿತು, ಹೋಯಿತು.

‘ರಾಮನಾಥಪುರದ್ದು. ದಾರಿ ತಪ್ಪಿ ಕೆಳೀಕೆ ಬಂದೈತೆ.’

ಇಲ್ಲಿಂದ ಮೇಲಕ್ಕೆ ಕೆಲವೇ ಮೈಲಿ ಹೋದರೆ ರಾಮನಾಥಪುರ. ಅದೇ ಅರಕಲಗೂಡು ತಾಲ್ಲೂಕು, ಅದೇ ಹೊಳೆ. ಅಲ್ಲಿ ರಾಮೇಶ್ವರನ ಗುಡಿಯ ಬಳಿ ಕಾವೇರಿಯಲ್ಲೇ ವಹ್ನಿಪುಷ್ಕರಿಣಿ ಎಂಬ ಮಡು. ಮಡುವಿನ ಮೀನಿಗೆ ಬಲೆಯಿಲ್ಲ, ಗಾಳವಿಲ್ಲ. ಬಂದ ಯಾತ್ರಿಕರೆಲ್ಲ ಪುರಿ ಎರಚುತ್ತಾರೆ. ನೀರು ಕುದಿದ ಹಾಗೆ ಮೀನು ಎದ್ದು ಬರುತ್ತದೆ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ, ದಕ್ಷಿಣ ಕನ್ನಡದ ಶಿಶಿಲದಲ್ಲಿ ಇರುವುದೂ ಇಂಥದೇ ಏರ್ಪಾಡು. ಸರ್ಕಾರ, ವಿಜ್ಞಾನಿಗಳು ‘ಮತ್ಸ್ಯಧಾಮ’ ಎಂಬ ಮಾತು ಆಡುವ ಎಷ್ಟೋ ಮೊದಲೇ ಜನ ಹೊಳೆಯ ಒಂದೊಂದು ತುಂಡನ್ನು ದೇವರ ಹೆಸರಿಗೆ ಬರೆದು ಕೈಬಿಟ್ಟಿದ್ದರು.

ಹೀಗೆ ಕೈಬಿಟ್ಟದ್ದರ ಬೆಲೆ ಈಗ ತಿಳಿಯುತ್ತಿದೆ. ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ ತೂಗಿದ್ದು 120 ಪೌಂಡು, ಅಂದರೆ 54 ಕಿಲೋ! ಗಾಳದವರ ಲೋಕದಲ್ಲಿ ಇಂದಿಗೂ ಅದು ದಾಖಲೆಯ ಮಾತು. ಅಂಥ ದೈತ್ಯ ಮೀನು, ಬೆನ್ನು ಉಬ್ಬಿದ ಕಿತ್ತಳೆ ಬಾಲದ ಮಹಶೀರ್, ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ವಿಜ್ಞಾನಿಗಳು ಅದರ ಜಾತಿ ಟಾರ್ ರೆಮಾದೇವಿ ಎಂದು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನ ತುತ್ತತುದಿಯಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹೆಸರಿಡುವ ಹೊತ್ತಿಗೆ ಹೋಗುವ ಹೊತ್ತು ಬಂದಿತ್ತು.

ಇದರಲ್ಲಿ ಒಂದು ವಿಪರ್ಯಾಸವೂ ಇದೆ. ಮಹಶೀರ್ ಉಳಿಯಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಮಹಾರಾಷ್ಟ್ರದ ಲೋನಾವಳಾದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರನ್ನು ಕಾವೇರಿಗೆ ತಂದು ಬಿಟ್ಟರು. ಅದು ಚೆನ್ನಾಗಿ ಬೆಳೆಯಿತು. ಅದು ಹೆಚ್ಚಿದಂತೆ ಇಲ್ಲಿಯದೇ ಆದ ಕಿತ್ತಳೆ ಬಾಲದ್ದು ಇನ್ನಷ್ಟು ಅಪರೂಪವಾಯಿತು. ನಮ್ಮ ಬಲೆಗೆ ಬಿದ್ದದ್ದು ಯಾವುದು? ಮಂಜಿನಲ್ಲಿ, ಎರಡು ಕ್ಷಣದಲ್ಲಿ, ನನ್ನಂಥವನು ಹೇಳಲಾರ. ಯಜಮಾನರಿಗೆ ಅದು ಬೇಕಾಗಿಯೂ ಇರಲಿಲ್ಲ. ಅವರ ಲೆಕ್ಕದಲ್ಲಿ ಬಿಳಿಮೀನು ಎಲ್ಲವೂ ರಾಮೇಶ್ವರನದೇ.

‘ಹಾಗಾದ್ರೆ ಬಿಳಿಮೀನು ತಿಂದೇ ಇಲ್ವಾ ನೀವು?’ ಎಂದು ಕೇಳಿದೆ.

ಸ್ವಲ್ಪ ಹೊತ್ತು ಹುಟ್ಟು ಹಾಕಿದರು. ‘ಸುಳ್ಳು ಯಾಕೆ ಹೇಳ್ಲಿ? ಹುಡುಗ್ನಾಗಿದ್ದಾಗ ತಿಂದಿವ್ನಿ. ರಾಗಿ ಹಿಟ್ಟಿನ ಉಂಡೆ ಗಾಳಕ್ಕೆ ಸಿಗಿಸಿದ್ರೆ ಬಂದೇ ಬತ್ತಿತ್ತು. ಆವಾಗ ಬೇಕಾದಂಗಿತ್ತು. ಈಗ ಎಣಿಸೋ ಹಂಗಾದ ಮೇಲೆ ತಿನ್ನಕ್ಕೆ ಮನಸ್ಸು ಬರಲ್ಲ.’

ಭಕ್ತಿಯ ಮಾತಿಗಿಂತ ಈ ಮಾತು ನನಗೆ ದೊಡ್ಡದೆನಿಸಿತು.

ಸಂಗೀತದ ದಂಡೆ

ಒಂಬತ್ತರ ಹೊತ್ತಿಗೆ ಮಂಜು ಕರಗಿ ಊರು ಕಾಣಿಸಿತು. ರುದ್ರಪಟ್ಟಣ ಎಂದರೆ ನಾಡಿಗೆ ನೆನಪಾಗುವುದು ಮೀನಲ್ಲ, ಸಂಗೀತ. ಸಂಕೇತಿಗಳ ಈ ಪುಟ್ಟ ಅಗ್ರಹಾರದಿಂದ ಬಂದ ವಿದ್ವಾಂಸರ ಪಟ್ಟಿ ಉದ್ದ. ಪದ್ಮಭೂಷಣ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಇಲ್ಲಿ. ರುದ್ರಪಟ್ಟಣ ಸಹೋದರರೆಂದೇ ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ಅವರ ಊರೂ ಇದೇ. ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಇಲ್ಲಿ ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತೆಗಳ ಗುಡಿ ಕಟ್ಟಿಸಿದ್ದಾರೆ. ಸಂಗೀತೋತ್ಸವಕ್ಕೆ ದೂರದೂರದ ಊರುಗಳಿಂದ ಜನ ಬರುತ್ತಾರೆ.

ಬಂದವರು ಹೊಳೆಯ ದಂಡೆಗೂ ಬರುತ್ತಾರೆ, ನೀರು ಮುಟ್ಟಿ ಹೋಗುತ್ತಾರೆ. ದೂರದಲ್ಲಿ ಕಪ್ಪಗೆ ತೇಲುವ ತೆಪ್ಪ ಅವರ ಫೋಟೋದಲ್ಲಿ ಒಂದು ಚುಕ್ಕೆ. ಒಂದೇ ಹೊಳೆ ಊರಿಗೆ ಎರಡು ಕಸುಬು ಕೊಟ್ಟಿದೆ. ಒಂದಕ್ಕೆ ಬಿರುದು, ಸನ್ಮಾನ ಇವೆ. ಇನ್ನೊಂದಕ್ಕೆ ಇಲ್ಲ, ಇರಬೇಕೆಂದು ಯಜಮಾನರೂ ಕೇಳಲಿಲ್ಲ. ‘ಬೆಳಿಗ್ಗೆ ಹೊತ್ತು ಯಾರಾದ್ರೂ ಹಾಡ್ಕಂಡ್ರೆ ಹೊಳೆ ಮೇಲೆ ಚೆಂದಾಗಿ ಕೇಳ್ತದೆ. ನಾವೂ ಕೇಳ್ತಾ ಬಲೆ ಎತ್ತೀವಿ’ ಎಂದರು ಅಷ್ಟೇ.

ದಡಕ್ಕೆ ಬಂದಾಗ ಬುಟ್ಟಿಯಲ್ಲಿದ್ದದ್ದು ಸುಮಾರು ಐದೂವರೆ ಕಿಲೋ. ಬೈಕಿನಲ್ಲಿ ಬಂದ ವ್ಯಾಪಾರಿ ಜಿಲೇಬಿಗೆ ಒಂದು ಬೆಲೆ, ರೋಹುಗೆ ಒಂದು ಬೆಲೆ ಕಟ್ಟಿ ತೂಗಿಕೊಂಡ. ಗಿರ್ಲು ಮನೆಗೆ ಉಳಿಯಿತು. ಕೈಗೆ ಬಂದ ಹಣದಲ್ಲಿ ಹರಿದ ಬಲೆಗೆ ನೂಲು, ಟಾರು, ಪರವಾನಗಿಗೆಂದು ಎತ್ತಿಡುವ ಪಾಲು ಕಳೆದರೆ ಉಳಿಯುವುದು ಒಬ್ಬ ಗಾರೆ ಕೆಲಸದವನ ಕೂಲಿಗಿಂತ ಕಡಿಮೆ. ಮಗ ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ. ಹಬ್ಬಕ್ಕೆ ಬಂದಾಗ ತೆಪ್ಪ ಹತ್ತುತ್ತಾನೆ, ಆದರೆ ಅವನ ಕೈಯಲ್ಲಿ ಅದು ಸುತ್ತುತ್ತದೆಯಂತೆ.

ನೀರು ಯಾರ ಕೈಯಲ್ಲಿ?

ಮಧ್ಯಾಹ್ನ ಹೊಂಗೆ ಮರದ ನೆರಳಿನಲ್ಲಿ ಬಲೆ ಹೊಲಿಯುತ್ತ ಕುಳಿತರು. ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ, ಕೈಯಲ್ಲಿ ನೂಲು ಸುತ್ತಿದ ಬಿದಿರು ಕಡ್ಡಿ. ಗಂಟಿಗೊಂದು ಮಾತು.

ಹೊಳೆಗೆ ಹಿಂದೆ ಒಂದು ಲೆಕ್ಕ ಇತ್ತು. ಮುಂಗಾರಿನಲ್ಲಿ ಕೊಡಗಿನ ಕೆಂಪು ನೀರು ಬರಬೇಕು. ಮೀನು ಪ್ರವಾಹಕ್ಕೆದುರಾಗಿ ಮೇಲೇರಬೇಕು, ಕಲ್ಲು ಮರಳಿನ ತಿಳಿನೀರು ಹುಡುಕಿ ಮೊಟ್ಟೆಯಿಡಬೇಕು. ದೀಪಾವಳಿಯ ಹೊತ್ತಿಗೆ ನೀರು ತಿಳಿಯಾಗಬೇಕು. ಬೇಸಗೆಯಲ್ಲಿ ಮಡುಗಳಲ್ಲಿ ಮಾತ್ರ ನೀರು ನಿಲ್ಲಬೇಕು. ಮೀನು ಆ ಲೆಕ್ಕ ಕಲಿತಿತ್ತು, ಬೆಸ್ತರು ಮೀನಿನಿಂದ ಕಲಿತಿದ್ದರು.

ಈಗ ಮೇಲೆ ಹಾರಂಗಿ ಜಲಾಶಯ, ಕಟ್ಟೇಪುರದಲ್ಲಿ ಹಳೆಯ ಕಾಲದ ಕಟ್ಟೆ, ಅಲ್ಲಿಂದ ಎಡಕ್ಕೂ ಬಲಕ್ಕೂ ಹೊರಡುವ ನಾಲೆ; ಕೆಳಗೆ 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ. ಈ ಕಟ್ಟೆಗಳಿಂದಲೇ ನಮ್ಮ ಗದ್ದೆಗಳು ಹಸಿರಾದವು, ಅದನ್ನು ಅಲ್ಲಗಳೆಯುವಂತಿಲ್ಲ. ಯಜಮಾನರ ಮನೆಗೂ ಅನ್ನ ಬರುವುದು ಅದೇ ಗದ್ದೆಯಿಂದ. ಆದರೆ ಮೀನಿನ ಕಡೆಯಿಂದ ನೋಡಿದರೆ ಪ್ರತಿ ಕಟ್ಟೆಯೂ ಒಂದು ಗೋಡೆ. ತಮಿಳುನಾಡಿನಲ್ಲಿ 1934ರಲ್ಲಿ ಮೆಟ್ಟೂರು ಅಣೆಕಟ್ಟೆ ಮುಗಿದ ಮೇಲೆ, ಸಮುದ್ರದಿಂದ ಕಾವೇರಿಗೆ ಏರಿ ಬರುತ್ತಿದ್ದ ಹಿಲ್ಸಾ ಮೀನಿನ ಬೇಟೆ ಕುಸಿದುಹೋಯಿತು. ಹಾವುಮೀನಿನ ಕಥೆ ಇನ್ನೂ ಬೆರಗಿನದು. ಅದರಲ್ಲಿ ಒಂದು ಬಗೆ ಹುಟ್ಟುವುದು ಉಪ್ಪುನೀರಿನಲ್ಲಿ. ಮರಿಯಾಗಿ ನದಿಯ ಬಾಯಿಗೆ ಬಂದು, ಹೊಳೆ ಹತ್ತಿ, ಸಿಹಿನೀರಿನಲ್ಲಿ ಬೆಳೆದು, ಮೊಟ್ಟೆಯಿಡುವ ಕಾಲಕ್ಕೆ ಮತ್ತೆ ಸಮುದ್ರಕ್ಕೇ ಇಳಿಯಬೇಕು. ನಡುವೆ ಇಷ್ಟು ಗೋಡೆಗಳು ಎದ್ದ ಮೇಲೆ ಆ ಪ್ರಯಾಣ ಹೇಗೆ ಸಾಗೀತು?

ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದೂ ಈಗ ಮಳೆಯೊಂದರ ಕೈಯಲ್ಲಿಲ್ಲ. ‘ರಾತ್ರಿ ಬಲೆ ಬಿಟ್ಟು ಮಲಗಿದ್ರೆ ಬೆಳಿಗ್ಗೆ ನೀರೇ ಇಲ್ಲ, ಬಲೆ ಬಂಡೆ ಮೇಲೆ ಒಣಗ್ತಾ ಇರ್ತದೆ. ಇನ್ನೊಂದಿನ ಬಲೆಯೇ ಇಲ್ಲ, ಕೊಚ್ಕಂಡ್ ಹೋಗಿರ್ತದೆ’ ಎಂದರು. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಹೊಳೆ ಉಕ್ಕಿದಾಗ ಈ ದಂಡೆಯ ಊರುಗಳಿಗೂ ನೀರು ನುಗ್ಗಿತು. 2023ರಲ್ಲಿ ಅದಕ್ಕೆ ತದ್ವಿರುದ್ಧ, ಬರಗಾಲ. ಬಂಡೆಗಳ ನಡುವೆ ಹೊಳೆ ಸಣ್ಣ ಕಾಲುವೆಯಾಯಿತು.

ಇದೆಲ್ಲಕ್ಕಿಂತ ಅವರಿಗೆ ಸಂಕಟ ತರುವುದು ತೋಟೆ. ಕಲ್ಲು ಒಡೆಯುವ ಸಿಡಿಮದ್ದನ್ನು ಮಡುವಿಗೆ ಎಸೆದರೆ ಒಂದು ಸದ್ದು, ಒಂದು ನಿಮಿಷ. ದೊಡ್ಡದು, ಸಣ್ಣದು, ಮರಿ, ಮೊಟ್ಟೆ ಎಲ್ಲ ಸತ್ತು ತೇಲುತ್ತದೆ. ಎಸೆದವನು ಕಣ್ಣಿಗೆ ಕಂಡಷ್ಟನ್ನು ಬಾಚಿಕೊಂಡು ಓಡುತ್ತಾನೆ. ತಳಕ್ಕೆ ಹೋದದ್ದು ಅಲ್ಲೇ ಕೊಳೆಯುತ್ತದೆ. ಇದು ಅಪರಾಧ ಎಂದು ಬ್ರಿಟಿಷರೇ 1897ರಲ್ಲಿ ಮೀನುಗಾರಿಕೆ ಕಾಯಿದೆ ಮಾಡಿದ್ದರು. ಸಿಡಿಮದ್ದು, ವಿಷ ಎರಡನ್ನೂ ನಿಷೇಧಿಸಿದ್ದರು. ಕಾಯಿದೆಗೆ ನೂರು ವರ್ಷ ದಾಟಿದೆ, ಸದ್ದು ನಿಂತಿಲ್ಲ. ಶಿಶಿಲದ ದೇವರ ಮೀನುಗಳಿಗೇ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಕೊಂದರು; ಅವುಗಳ ನೆನಪಿಗೆ ಅಲ್ಲಿನ ಜನ ಸ್ಮಾರಕ ಕಟ್ಟಿದ್ದಾರೆ. ದೇವರ ಹೆಸರು ಕೂಡ ಎಲ್ಲ ಕೈಗಳನ್ನೂ ತಡೆಯಲಾರದು ಎಂಬುದಕ್ಕೆ ಆ ಸ್ಮಾರಕವೇ ಸಾಕ್ಷಿ.

‘ರಾಮನಾಥಪುರದ ಮಡು ನಮಗೆ ಬೀಜದ ಗದ್ದೆ ಇದ್ದಂಗೆ ಸಾರ್. ಅಲ್ಲಿ ಹಿಡೀಬಾರ್ದು ಅಂತ ಇರೋದ್ರಿಂದಲೇ ಇಲ್ಲಿ ನಾಕು ಮೀನು ಸಿಗೋದು. ಬೀಜದ ಭತ್ತಾನೇ ಕುಟ್ಕಂಡು ತಿಂದ್ರೆ ಮುಂದಿನ ವರ್ಷ ಏನ್ ಬಿತ್ತಾದು?’

ಮೀನುಗಾರಿಕೆಯ ವಿಜ್ಞಾನ ಹೇಳುವುದೂ ಇದನ್ನೇ. ನದಿಯ ಒಂದು ಭಾಗವನ್ನು ಮುಟ್ಟದೆ ಬಿಟ್ಟರೆ ಅಲ್ಲಿ ಬೆಳೆದ ಮೀನು ಸುತ್ತಲಿನ ನೀರಿಗೂ ಹರಡುತ್ತದೆ. ಇಲ್ಲಿ ಅದನ್ನು ರೈತನ ಮಾತಿನಲ್ಲಿ ಬೆಸ್ತ ಹೇಳಿದರು.

ತೆಪ್ಪದ ಅಳತೆ

ಸಂಜೆ ನಾಲ್ಕೂವರೆಗೆ ಮತ್ತೆ ತೆಪ್ಪ ನೀರಿಗಿಳಿಯಿತು. ಹೊಲಿದ ಬಲೆಯನ್ನು ಮಡಿಕೆ ಮಡಿಕೆಯಾಗಿ ನನ್ನ ಕಾಲ ಬಳಿ ಇಟ್ಟಿದ್ದರು. ಈ ಸಲ ನಡುವೆ ಕುಳಿತುಕೊಳ್ಳಿ ಎಂದು ಹೇಳಬೇಕಾಗಲಿಲ್ಲ. ಬಂಡೆಯ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು. ಮಿಂಚುಳ್ಳಿಯೊಂದು ಕೊಂಬೆಯಿಂದ ಜಿಗಿದು, ಮುಳುಗಿ, ಬರಿಬಾಯಲ್ಲಿ ಎದ್ದು ಹೋಯಿತು.

ಇನ್ನೂ ದೊಡ್ಡ ದೋಣಿ, ಒಂದು ಮೋಟಾರು ಇದ್ದಿದ್ದರೆ ಹೆಚ್ಚು ಮೀನು ಹಿಡಿಯಬಹುದಿತ್ತಲ್ಲ ಎಂದೆ. ಯಜಮಾನರು ಬಲೆ ಬಿಡುತ್ತಲೇ ನಕ್ಕರು.

‘ಇದ್ರಲ್ಲಿ ನಾನು, ನನ್ನ ಬಲೆ, ಒಂದು ಬುಟ್ಟಿ. ಬುಟ್ಟಿ ತುಂಬಿದ್ಮೇಲೆ ಇನ್ನೂ ಹಾಕಿದ್ರೆ ತೆಪ್ಪ ಮುಳುಗ್ತದೆ. ಅದ್ಕೇ ಸಾಕು ಅಂತ ಗೊತ್ತಾಗ್ತದೆ. ದೊಡ್ಡ ದೋಣಿಗೆ ಸಾಕು ಅನ್ನಾದು ಎಲ್ಲಿ ಗೊತ್ತಾಗ್ತದೆ?’

ಬಡತನವನ್ನು ಹೊಗಳುವುದು ಸುಲಭ. ದಡದಲ್ಲಿ ನಿಂತು ಹೊಗಳುವುದು ಇನ್ನೂ ಸುಲಭ. ಈ ಕಸುಬಿನಿಂದ ಅವರಿಗೆ ಸಿಗುವುದು ಸಾಲದು. ಮಗ ಬೆಂಗಳೂರಿಗೆ ಹೋದದ್ದು ತಪ್ಪಲ್ಲ. ಆದರೆ ಹೊಳೆಯನ್ನು ದಿನವೂ ಬೆಳಿಗ್ಗೆ ಸಂಜೆ ನೋಡುವವನು, ಎಲ್ಲಿ ತೋಟೆ ಸಿಡಿಯಿತು, ಯಾವ ಮಡುವಿನಲ್ಲಿ ನೀರು ಕಪ್ಪಾಯಿತು, ಯಾವ ಮೀನು ಕಾಣದೆ ಎಷ್ಟು ವರ್ಷವಾಯಿತು ಎಂದು ಬಲ್ಲವನು ತೆಪ್ಪದವನೊಬ್ಬನೇ. ಇಲಾಖೆಯ ಕಾವಲುಗಾರ ಪ್ರತಿ ಮಡುವಿಗೂ ಬರಲಾರ. ತೆಪ್ಪದವನು ಸಂಬಳವಿಲ್ಲದ ಕಾವಲುಗಾರ. ಅವನೂ ಹೊಳೆ ಬಿಟ್ಟರೆ ಮಡುವಿನ ದೇವರ ಮೀನನ್ನು ಕಾಯಲು ದೇವರೊಬ್ಬನೇ ಉಳಿಯುತ್ತಾನೆ. ತೆಪ್ಪ ಹಂಚುವ ಯೋಜನೆಯ ಜೊತೆಗೆ, ಅವನ ಮಾತನ್ನೂ ಕೇಳಿ ಬರೆದಿಟ್ಟುಕೊಳ್ಳುವ ಯೋಜನೆಯೊಂದು ಬರಬಾರದೇ? ತೋಟೆಯ ಸುದ್ದಿ ಕೊಟ್ಟವನಿಗೆ ರಕ್ಷಣೆ, ಮೀನು ಮೊಟ್ಟೆಯಿಡುವ ಮಳೆಗಾಲದ ತಿಂಗಳುಗಳಲ್ಲಿ ಬಲೆ ಎತ್ತಿಟ್ಟವನಿಗೆ ಒಂದಿಷ್ಟು ನೆರವು, ಇಷ್ಟಾದರೂ ಆದರೆ ಹೊಳೆಗೂ ಲಾಭ, ಅವನಿಗೂ ಬದುಕು.

ಕೊನೆಯ ಬೆಂಡು ನೀರಿಗೆ ಬಿತ್ತು. ಬಿಳಿಮೀನಿಗೆಂದು ಕತ್ತರಿಸಿದ ಜಾಗದಲ್ಲಿ ಹೊಸ ನೂಲಿನ ಗಂಟುಗಳು ಕಾಣುತ್ತಿದ್ದವು. ಅವೂ ಒಂದೊಂದಾಗಿ ಮುಳುಗಿದವು. ನಾಳೆ ಮತ್ತೆ ಅದೇ ಮೀನು ಸಿಕ್ಕರೆ?

‘ಮತ್ತೆ ಕೊಯ್ಯಾದು, ಮತ್ತೆ ಹೊಲಿಯಾದು. ನೀರ್‍ನಾಯಿಗೆ ಹೊಲೀತೀವಂತೆ, ದೇವರಿಗೆ ಹೊಲಿಯಕ್ಕಿಲ್ವಾ?’

ದಡ ಮುಟ್ಟಿದಾಗ ಆಕಾಶ ಕೆಂಪಾಗಿತ್ತು. ತೆಪ್ಪವನ್ನು ನೀರಿನಿಂದೆಳೆದು, ಬೋರಲು ಮಾಡಿ, ತಲೆಗೇರಿಸಿಕೊಂಡು ಯಜಮಾನರು ದಂಡೆ ಹತ್ತಿದರು. ಬೆಳಿಗ್ಗೆ ಮಂಜಿನಿಂದ ಬಂದ ಆಮೆ ಸಂಜೆ ಊರ ಕಡೆಗೆ ನಡೆಯಿತು. ಬಲೆ ಮಾತ್ರ ಹೊಳೆಯಲ್ಲಿತ್ತು.